ಟೊರೆನ್ಸ್‌ನಲ್ಲಿ ವಾಕರುಗಳಿಗೆ ಆಯುಧಪೂಜೆ

ಆಗ ನನಗೆ ಅರವತ್ತಾರು. ಇಪ್ಪತ್ತು ವರ್ಷದ ಹಿಂದಿನ ಮಾತು. ಮಂಡ್ಯದಲ್ಲಿ ನಲವತ್ತು ವರ್ಷ ಹಿಟ್ಟಿನ ಮಿಲ್ ನಡೆಸಿದವಳು ನಾನು. ರಸ್ತೆ ಅಗಲ ಮಾಡುತ್ತೇವೆಂದು ಆ ವರ್ಷ ಮಿಲ್ಲನ್ನು ಕೆಡವಿದರು. ಕೆಲಸವಿಲ್ಲದೆ ಕೂತು ಮನೆಯವರನ್ನೆಲ್ಲ ಬೈಯುತ್ತಿದ್ದವಳನ್ನು ತಂಗಿಯ ಮಗಳು ವನಜ ಅಮೆರಿಕಕ್ಕೆ ಕರೆಸಿಕೊಂಡಳು. ಮೂರು ತಿಂಗಳು ಇದ್ದೆ.

ಅಲ್ಲಿನ ಸಮುದ್ರ ಹೇಗಿತ್ತು ಎಂದು ಎಲ್ಲರೂ ಕೇಳುತ್ತಾರೆ. ಕಾರಿನ ಕಿಟಕಿಯಿಂದ ನೋಡಿದೆ. ನೀರಿತ್ತು. ನಾನು ಸರಿಯಾಗಿ ನೋಡಿದ್ದು ಮುದುಕರು ಬೀಳುವುದನ್ನು, ಬೀಳದ ಹಾಗೆ ನೋಡಿಕೊಳ್ಳಲು ಆ ಜನ ಪಡುವ ಪಾಡನ್ನು. ಅದನ್ನೇ ಬರೆಯುತ್ತೇನೆ. ಓದಿದ್ದು ಮೂರನೇ ಕ್ಲಾಸು. ಗಿರಾಕಿಗಳ ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತ ಅಕ್ಷರ ಉಳಿಸಿಕೊಂಡೆ. ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ.

ಟೊರೆನ್ಸ್: ಆರು ಚೆಂಡು

ವನಜ ನರ್ಸ್ ಓದಿದವಳು. ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸ್‌ನಲ್ಲಿ ಒಂದು ಮನೆ ಮಾಡಿ, ಆರು ಜನ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲ, ಛತ್ರವೂ ಅಲ್ಲ. ಕೇರ್ ಹೋಮ್ ಎನ್ನುತ್ತಾರೆ. ಆ ಬೀದಿಯಲ್ಲಿ ನಡೆಯುವವರೇ ಇಲ್ಲ. ಎದುರು ಮನೆಯವನು ಪೋಸ್ಟ್ ಡಬ್ಬಕ್ಕೆ ಕಾಗದ ಹಾಕಲೂ ಕಾರಿನಲ್ಲಿ ಹೋಗುತ್ತಾನೆ. ಕಾಲು ಬಳಸುತ್ತಿದ್ದವರು ವನಜನ ಮನೆಯ ಮುದುಕರು ಮಾತ್ರ, ಅವರಿಗೂ ಕಾಲು ಸರಿಯಿರಲಿಲ್ಲ.

ಆ ಮನೆಯಲ್ಲಿ ಯಾರಾದರೂ ಬಿದ್ದರೆ ನೀಲಿ ರಟ್ಟಿನ ಪುಸ್ತಕವೊಂದರಲ್ಲಿ ಬರೆಯಬೇಕು. ಯಾರು ಬಿದ್ದರು, ಎಲ್ಲಿ ಬಿದ್ದರು, ಕಾಲಲ್ಲಿ ಏನಿತ್ತು, ಕೈಯಲ್ಲಿ ಏನಿತ್ತು, ಏಕೆ ಬಿದ್ದರು, ಮುಂದೆ ಏನು ಮಾಡಬೇಕು. ನಮ್ಮಲ್ಲಿ ಬಿದ್ದರೆ ಎತ್ತುತ್ತಾರೆ, ಕಣ್ಣು ಎಲ್ಲಿಟ್ಟುಕೊಂಡಿದ್ದೆ ಎಂದು ಬೈಯುತ್ತಾರೆ, ಅರಿಶಿನ ಹಚ್ಚುತ್ತಾರೆ. ಬರೆದಿಟ್ಟುಕೊಂಡು ಯಾರಿಗೆ ತೋರಿಸಬೇಕು?

ಆರು ಜನರಲ್ಲಿ ಇಬ್ಬರ ವಿಷಯ ಹೇಳಿದರೆ ಸಾಕು. ಒಬ್ಬರು ಖಾದರ್ ಸಾಹೇಬರು. ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಲಾರಿ ಗ್ಯಾರೇಜ್ ಇಟ್ಟಿದ್ದವರು. ಪಾರ್ಶ್ವವಾಯು ಹೊಡೆದು ವೀಲ್‌ಚೇರಿನಲ್ಲಿದ್ದರು. ಬಾಯಿಗೆ ಏನೂ ಆಗಿರಲಿಲ್ಲ. ಅದು ರಂಜಾನ್ ತಿಂಗಳು. ಉಪವಾಸ ಮಾಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮಧ್ಯಾಹ್ನದ ಗಂಜಿಯನ್ನು ವೈರಿಯ ಹಾಗೆ ನೋಡುತ್ತಿದ್ದರು.

ಇನ್ನೊಬ್ಬಳು ಎಡ್ನಾ. ನಾನು ಎಡ್ನಮ್ಮ ಎನ್ನುತ್ತಿದ್ದೆ. ಎಂಬತ್ತೆಂಟು ವರ್ಷ, ಪೊರಕೆ ಕಡ್ಡಿಯಂಥ ಮೈ. ಮೂವತ್ತು ವರ್ಷ ಶಾಲೆಯ ಬಸ್ ಓಡಿಸಿದವಳಂತೆ. ಹಿತ್ತಲಲ್ಲಿ ಒಂದು ನಿಂಬೆಗಿಡವಿತ್ತು. ದಿನಾ ಬೆಳಿಗ್ಗೆ ವಾಕರ್ ಹಿಡಿದು ಅಲ್ಲಿಗೆ ಹೋಗಿ, ಒಂದು ಹಣ್ಣು ಕಿತ್ತು, ವಾಕರಿಗೆ ಕಟ್ಟಿದ ಬುಟ್ಟಿಯಲ್ಲಿ ಹಾಕಿಕೊಂಡು ವಾಪಸ್ಸು ಬರುತ್ತಿದ್ದಳು. ಅದೇ ಅವಳ ಕೆಲಸ. ನಿಂಬೆಹಣ್ಣು ಯಾರಿಗೂ ಬೇಕಿರಲಿಲ್ಲ. ಅಡುಗೆಮನೆಯಲ್ಲಿ ಒಂದು ಬಕೆಟ್ ತುಂಬಿತ್ತು.

ಅವಳಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಅವಳು ಬಸ್ಸಿನ ವಿಷಯ ಹೇಳುತ್ತಿದ್ದಳು ಎಂದು ಕಾಣುತ್ತದೆ, ನಾನು ಮಿಲ್ಲಿನ ವಿಷಯ ಹೇಳುತ್ತಿದ್ದೆ. ಜಗಳವಾಗಲಿಲ್ಲ.

ವಾಕರ್ ಎಂದರೆ ಹಿಡಿದು ನಡೆಯುವ ಅಲ್ಯೂಮಿನಿಯಂ ಚೌಕಟ್ಟು. ನಾಲ್ಕು ಕಾಲು. ಮುಂದಿನ ಎರಡಕ್ಕೆ ಗಾಲಿ. ಹಿಂದಿನ ಎರಡು ಕಾಲಿಗೆ ನೋಡುತ್ತೇನೆ, ಹುಡುಗರು ಆಡುವ ಹಸಿರು ಟೆನ್ನಿಸ್ ಚೆಂಡು ಸಿಗಿಸಿದೆ! ಮನೆಯಲ್ಲಿದ್ದ ಮೂರು ವಾಕರಿಗೂ ಹಾಗೇ. ಯಾರೋ ಕಿಡಿಗೇಡಿಗಳ ಕೆಲಸ ಎಂದುಕೊಂಡು ಆರೂ ಚೆಂಡು ಕಿತ್ತು, ತೊಳೆದು, ಬಿಸಿಲಿಗೆ ಒಣಗಹಾಕಿದೆ. ಬಂದು ನಾಲ್ಕನೇ ದಿನ ಅದು. ಏನಾದರೂ ಉಪಕಾರ ಮಾಡಬೇಕೆನಿಸಿತ್ತು.

ಮರುದಿನ ಬೆಳಿಗ್ಗೆ ಎಡ್ನಮ್ಮ ಹೊರಟಳು. ಚೆಂಡಿಲ್ಲದ ಕಾಲು ಕಾರ್ಪೆಟ್ಟಿನ ಅಂಚಿಗೆ ಸಿಕ್ಕಿಕೊಂಡಿತು. ವಾಕರ್ ನಿಂತಿತು, ಎಡ್ನಮ್ಮ ನಿಲ್ಲಲಿಲ್ಲ.

ಮೂಳೆ ಮುರಿಯಲಿಲ್ಲ. ಸೊಂಟದ ಮೇಲೆ ಬದನೆಕಾಯಿ ಬಣ್ಣದ ಗುರುತಾಯಿತು.

"ದೊಡ್ಡಮ್ಮಾ, ಬಾಲ್ ಯಾರು ತೆಗ್ದಿದ್ದು?" ಎಂದು ವನಜ ಕೂಗಿದಳು.

"ನಾನೇ ಕಣೆ. ಯಾವನೋ ತರ್ಲೆ ಸಿಗ್ಸಿದ್ದ."

"ಅದು ಜಾರಲಿ ಅಂತ ಹಾಕಿರೋದು!"

"ಜಾರ್ಲಿ ಅಂತಾನಾ? ಜಾರ್ಬಾರ್ದು ಅಂತ ತಾನೆ ನೀನು ಇಷ್ಟೆಲ್ಲ ಆಟ ಕಟ್ಟಿರೋದು?"

"ವಾಕರ್ ಜಾರ್ಬೇಕು ದೊಡ್ಡಮ್ಮ. ಮನುಷ್ಯರು ಜಾರ್ಬಾರ್ದು."

ಖಾದರ್ ಸಾಹೇಬರು ಮೂಲೆಯಿಂದ, "ಮಿಲ್ ಅಮ್ಮಾವ್ರೇ, ಬಂದ ವಾರಕ್ಕೇ ಒಂದು ವಿಕೆಟ್ ತೆಗೆದ್ರಲ್ಲ!" ಎಂದರು.

ನನಗೆ ನಗು ಬರಲಿಲ್ಲ. ನಾನು ಬರುವ ಮೊದಲೇ ಎಡ್ನಮ್ಮ ಒಂದು ಸಲ ಬಿದ್ದಿದ್ದಳಂತೆ. ಇದು ಎರಡನೆಯದು. ಸ್ಯಾನ್ ಡಿಯಾಗೊದಲ್ಲಿದ್ದ ಅವಳ ಮಗಳು ಕ್ಯಾರಲ್‌ಗೆ ವನಜ ಫೋನ್ ಮಾಡಿ ಹೇಳಲೇಬೇಕಾಯಿತು. ಫೋನ್ ಇಟ್ಟು ವನಜ ಕುರ್ಚಿಯಲ್ಲಿ ಕುಸಿದಳು.

"ಏನಂದ್ಲು?"

"ಇನ್ನೊಂದು ಸಲ ಆ ಬುಕ್ಕಲ್ಲಿ ಬರೆಯೋ ಹಾಗಾದ್ರೆ ಅಮ್ಮನ್ನ ಕರ್ಕೊಂಡು ಹೋಗ್ತಾಳಂತೆ. ಸ್ಯಾನ್ ಡಿಯಾಗೊದಲ್ಲಿ ದೊಡ್ಡ ಹೋಮ್ ನೋಡಿದಾಳೆ."

"ಎಡ್ನಮ್ಮ ಏನಂತಾಳೆ?"

"ಅಲ್ಲಿ ನಿಂಬೆಗಿಡ ಇದೆಯಾ ಅಂತ ಕೇಳಿದ್ಲು. ಇಲ್ಲ. ಹಾಗಾದ್ರೆ ನಾನು ಬರಲ್ಲ ಅಂದ್ಲು. ಆದರೆ ಸೈನ್ ಮಾಡೋಳು ಮಗಳು."

ಕಲ್ವರ್ ಸಿಟಿ: ಕೂರುವುದನ್ನು ಕಲಿತದ್ದು

ನನ್ನನ್ನು ಹಾಗೇ ಬಿಟ್ಟರೆ ಇನ್ನೇನು ಕೀಳುತ್ತೇನೋ ಎಂದು ಹೆದರಿ ವನಜ ನನ್ನನ್ನು ಕಲ್ವರ್ ಸಿಟಿಯಲ್ಲಿ ನಡೆಯುವ ಒಂದು ಕ್ಲಾಸಿಗೆ ಕರೆದುಕೊಂಡು ಹೋದಳು. ಸಿನಿಮಾ ಸ್ಟುಡಿಯೋಗಳ ಊರು ಅದು. ನಾನು ನೋಡಿದ ಸ್ಟುಡಿಯೋ ಒಂದು ಉದ್ದನೆಯ ಗೋಡೆ. ಗೋಡೆಯ ಆಚೆ ಸಿನಿಮಾ ತೆಗೆಯುತ್ತಾರೆ, ಈಚೆ ಒಂದು ಹಾಲ್‌ನಲ್ಲಿ ಮುದುಕರನ್ನು ಎತ್ತುವುದು ಹೇಗೆ, ಇಳಿಸುವುದು ಹೇಗೆ ಎಂದು ಹೇಳಿಕೊಡುತ್ತಾರೆ.

ಹೇಳಿಕೊಡುವವನು ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರದ ಆಳು. ಕೂತವರೆಲ್ಲ ಗಟ್ಟಿಮುಟ್ಟಾದ ಹೆಂಗಸರು. ಸೀರೆ ಉಟ್ಟ ಮುದುಕಿ ಒಬ್ಬಳೇ ಇದ್ದೆ. ಅವನ ಕಣ್ಣು ನನ್ನ ಮೇಲೆ ಬಿತ್ತು. ಮುಂದೆ ಕರೆದು ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಅಗಲವಾದ ಬಟ್ಟೆಯ ಬೆಲ್ಟ್ ಬಿಗಿದು ಹಿಂದಿನಿಂದ ಹಿಡಿದುಕೊಂಡ. ರೋಗಿ ವಾಲಿದರೆ ಹಿಡಿಯಲು ಆ ಬೆಲ್ಟ್ ಎಂದು ಆಮೇಲೆ ತಿಳಿಯಿತು. ನಲವತ್ತು ವರ್ಷದ ಹಿಂದೆ ಮಿಲ್ಲಿನ ಬೆಲ್ಟ್ ನನ್ನ ಸೆರಗು ಹಿಡಿದೆಳೆದಿತ್ತು. ಅಂದಿನಿಂದ ಬೆಲ್ಟು ಎಂದರೆ ಮೂರು ಅಡಿ ದೂರ ನಿಲ್ಲುವವಳು ನಾನು. "ಅಯ್ಯಯ್ಯೋ ಬುಡ್ಲಾ!" ಎಂದು ಕಿರುಚಿ ಎರಡೂ ಕೈ ಮೇಲೆತ್ತಿದೆ.

ಎಲ್ಲರೂ ಚಪ್ಪಾಳೆ ಹೊಡೆದರು. ಹೆದರಿದ ರೋಗಿಯ ಪಾತ್ರವನ್ನು ಇಷ್ಟು ಚೆನ್ನಾಗಿ ಯಾರೂ ಮಾಡಿರಲಿಲ್ಲವಂತೆ.

ಆದರೂ ಆ ಆಳು ಹೇಳಿದ್ದನ್ನು ವನಜ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತ ಹೋದಳು, ನಾನು ಮಾಡುತ್ತ ಹೋದೆ. ಮೊದಲು ಬ್ರೇಕ್ ಹಾಕು. ಕುರ್ಚಿಯ ಅಂಚಿಗೆ ಬಾ. ಪಾದ ಹಿಂದಕ್ಕೆ ಎಳೆದುಕೋ. ಮೂಗನ್ನು ಕಾಲ್ಬೆರಳಿನ ಮೇಲಕ್ಕೆ ತಾ. ಕುರ್ಚಿಯ ಕೈಯನ್ನು ಒತ್ತಿ ಏಳು, ವಾಕರನ್ನು ಜಗ್ಗಿಕೊಂಡು ಏಳಬೇಡ, ಅದು ನಿನ್ನ ಮೇಲೇ ಬರುತ್ತದೆ. ಕೂರುವಾಗ ಮೊಣಕಾಲಿನ ಹಿಂಬದಿಗೆ ಕುರ್ಚಿ ತಾಗುವವರೆಗೆ ಹಿಂದೆ ಸರಿ. ಕೈ ಹಿಂದೆ ಚಾಚಿ ಹುಡುಕು. ಸಿಕ್ಕ ಮೇಲೆ ಕೂರು. ಅರವತ್ತಾರು ವರ್ಷ ನಾನು ಕುರ್ಚಿ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಕೂತಿದ್ದೆ!

ಕೊನೆಯಲ್ಲಿ ಅವನು ಒಂದು ಮಾತು ಹೇಳಿದ. ವಾಕರ್ ಯಾವಾಗಲೂ ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ಇನ್ನೊಂದು ಕೋಣೆಯಲ್ಲಿರುವ ವಾಕರ್ ಅಂಗಡಿಯಲ್ಲಿರುವ ವಾಕರಿನ ಹಾಗೆ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಮನೆಗೆ ಬಂದು ಎಡ್ನಮ್ಮನಿಗೆ ಎಲ್ಲವನ್ನೂ ಮಾಡಿ ತೋರಿಸಿದೆ. ದಿನಕ್ಕೆ ಹತ್ತು ಸಲ ಕೂರಿಸಿ ಎಬ್ಬಿಸಿದೆ. ನಾನು "ಮೂಗು!" ಎಂದರೆ ಸಾಕು, ಕೊಕ್ಕರೆ ಹಾಗೆ ಮುಂದೆ ಬಾಗುತ್ತಿದ್ದಳು. ಆರು ಚೆಂಡನ್ನೂ ನಾನೇ ಮತ್ತೆ ಸಿಗಿಸಿದೆ.

ಸ್ಯಾನ್ ಡಿಯಾಗೊ: ಯಾರೂ ಬೀಳದ ಮನೆ

ಒಂದು ಸಲ ಆ ದೊಡ್ಡ ಹೋಮ್ ನೋಡಿ ಹೋಗಲಿ ಎಂದು ಕ್ಯಾರಲ್ ತಾಯಿಯನ್ನು ಕರೆದಳು. ವನಜ ಕಾರು ಓಡಿಸಿದಳು. ಎಡ್ನಮ್ಮ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಕಾಲಿನಲ್ಲಿ ಇಲ್ಲದ ಬ್ರೇಕ್ ಒತ್ತುತ್ತಿದ್ದಳು. ಡ್ರೈವರ್ ಜಾತಿ ಅದು.

ಕ್ಯಾರಲ್‌ಗೆ ಅರವತ್ತರ ಹತ್ತಿರ ವಯಸ್ಸು. ಹಿಮ್ಮಡಿ ಎತ್ತರದ ಚಪ್ಪಲಿ, ಕೈಯಲ್ಲಿ ಸದಾ ಫೋನು. ಕೆಟ್ಟವಳಲ್ಲ. ತಾಯಿ ಬಿದ್ದಾಳೆಂದು ಹೆದರಿ ಹೆದರಿ ಮುಖ ಬಿಗಿದುಕೊಂಡಿತ್ತು.

ಆ ಮನೆ ದೊಡ್ಡ ಹೋಟೆಲಿನ ಹಾಗಿತ್ತು. ಬಾಗಿಲಲ್ಲೇ ಮೀನಿನ ತೊಟ್ಟಿ. ಅಲ್ಲಿನ ಮ್ಯಾನೇಜರಮ್ಮ ಎದೆಯುಬ್ಬಿಸಿ ಹೇಳಿದ್ದನ್ನು ವನಜ ನನಗೆ ಹೇಳಿದಳು. ಈ ವರ್ಷ ಇಲ್ಲಿ ಒಬ್ಬರೂ ಬಿದ್ದಿಲ್ಲವಂತೆ.

ಏಕೆ ಬೀಳಲಿಲ್ಲ ಎಂದು ನೋಡಿದೆ. ಹಾಲ್‌ನಲ್ಲಿ ಇಪ್ಪತ್ತು ಜನ ಮೆತ್ತನೆಯ ಕುರ್ಚಿಗಳಲ್ಲಿ ಮಲಗಿದ ಹಾಗೆ ಕೂತಿದ್ದರು. ಮೊಣಕಾಲು ಮೂಗಿಗಿಂತ ಎತ್ತರ. ವಾಕರುಗಳನ್ನು ದೂರದ ಕೋಣೆಯಲ್ಲಿ ಮಡಿಸಿ ಸಾಲಾಗಿ ಇಟ್ಟಿದ್ದರು. ಯಾರಾದರೂ ಅಲುಗಾಡಿದರೆ ಕುರ್ಚಿಯೇ ಕಿರ್ರೋ ಎಂದು ಕೂಗುತ್ತಿತ್ತು. ತಕ್ಷಣ ಒಬ್ಬ ಹುಡುಗಿ ಓಡಿಬಂದು ಭುಜ ಒತ್ತಿ ಕೂರಿಸುತ್ತಿದ್ದಳು. ಏಳುವವರೇ ಇಲ್ಲದ ಮೇಲೆ ಬೀಳುವವರು ಎಲ್ಲಿಂದ ಬರಬೇಕು?

ಪರೀಕ್ಷೆ ಮಾಡೋಣ ಎಂದು ಖಾಲಿ ಕುರ್ಚಿಯೊಂದರಲ್ಲಿ ನಾನೇ ಕೂತೆ. ಹಿಟ್ಟಿನ ಮೂಟೆಯ ಮೇಲೆ ಕೂತ ಹಾಗೆ ಒಳಗೆ ಇಳಿದುಹೋದೆ. ಕಲ್ವರ್ ಸಿಟಿಯಲ್ಲಿ ಕಲಿತದ್ದೆಲ್ಲ ಮಾಡಿದೆ. ಅಂಚು ಸಿಗಲಿಲ್ಲ, ಪಾದ ನೆಲಕ್ಕೆ ತಾಗಲಿಲ್ಲ, ಮೂಗು ಹೊಟ್ಟೆಯವರೆಗೂ ಬಂತು, ಅಷ್ಟೆ. ಕುರ್ಚಿ ಕಿರ್ರೋ ಎಂದಿತು. ಹುಡುಗಿ ಓಡಿಬಂದು ನನ್ನ ಭುಜವನ್ನೂ ಒತ್ತಿದಳು.

"ಏ ವನಜಾ! ನಾನು ನೋಡಕ್ಕೆ ಬಂದೋಳು ಅಂತ ಹೇಳೇ! ಇವ್ಳು ಸೇರ್ಸ್ಕೊಂಡೇ ಬುಟ್ಲು!"

ಕೊನೆಗೆ ಇಬ್ಬರು ಸೇರಿ ಎಳೆದರು. ಎಡ್ನಮ್ಮ ಅದನ್ನೆಲ್ಲ ನೋಡಿ ಮೀನಿನ ತೊಟ್ಟಿಯ ಕಡೆ ತಿರುಗಿಕೊಂಡಳು. ನಗುತ್ತಿದ್ದಾಳೆ ಎಂದುಕೊಂಡೆ. ವಾಕರಿನ ಹಿಡಿ ಬಿಗಿಯಾಗಿ ಹಿಡಿದಿದ್ದಳು, ಬೆರಳಿನ ಗೆಣ್ಣು ಬೆಳ್ಳಗಾಗಿತ್ತು.

ಕ್ಯಾರಲ್ ಹೊರಡುವಾಗ ವನಜನಿಗೆ ಹೇಳಿದಳು. ಬರುವ ವಾರ ಟೊರೆನ್ಸ್‌ಗೆ ಬಂದು ಒಂದು ದಿನ ಕೂತು ನೋಡುತ್ತೇನೆ. ಅಮ್ಮ ನಡೆಯುವುದು ಸರಿಯೆನಿಸದಿದ್ದರೆ ಅವತ್ತೇ ಇಲ್ಲಿಗೆ ಕರೆತರುತ್ತೇನೆ, ಕೋಣೆ ಹಿಡಿದಿಟ್ಟಿದ್ದೇನೆ.

ಫೋರ್ ಎಸ್ ರ್ಯಾಂಚ್: ಗೊಂಬೆ ಮನೆ

ವಾಪಸ್ಸು ಬರುವಾಗ ಫೋರ್ ಎಸ್ ರ್ಯಾಂಚ್ ಎಂಬಲ್ಲಿ ವನಜನ ಗೆಳತಿಯ ಮನೆಗೆ ಗೊಂಬೆ ನೋಡಲು ಹೋದೆವು. ಹೊಸ ಬಡಾವಣೆ. ಎಲ್ಲ ಮನೆಯೂ ಒಂದೇ ಅಚ್ಚಿನಲ್ಲಿ ಒತ್ತಿದ ಚಕ್ಕುಲಿ ಹಾಗೆ. ವನಜ ತಪ್ಪು ಮನೆಯ ಬಾಗಿಲು ಬಡಿದಳು. ಯಾರೋ ಬನಿಯನ್ ಹಾಕಿಕೊಂಡ ಗಂಡಸು ಬಂದ. ನಾನು ಸೀದಾ ಒಳಗೆ ಹೋಗಿ ಚಪ್ಪಲಿ ಬಿಟ್ಟು ಗೊಂಬೆ ಎಲ್ಲಿ ಎಂದು ಹುಡುಕಿದೆ. ಪಾಪ, ಅವನು ನೀರು ಕೊಟ್ಟ.

ಸರಿಯಾದ ಮನೆಯಲ್ಲಿ ದಸರಾ ಗೊಂಬೆ ಕೂರಿಸಿದ್ದರು. ಅವನ್ನು ನೋಡಿದಾಗಲೇ ನನಗೆ ಹೊಳೆದದ್ದು, ಇನ್ನು ಐದು ದಿನಕ್ಕೆ ಆಯುಧಪೂಜೆ. ನಲವತ್ತು ವರ್ಷದಲ್ಲಿ ಒಂದು ವರ್ಷವೂ ಬಿಟ್ಟವಳಲ್ಲ. ಅವತ್ತು ಮಿಲ್ಲಿನ ಕಲ್ಲು, ಮೋಟಾರು, ಬೆಲ್ಟು, ತಕ್ಕಡಿ ಎಲ್ಲ ತೊಳೆದು, ಕುಂಕುಮ ಇಟ್ಟು, ಹೂ ಹಾಕಿ, ಮರುದಿನದವರೆಗೆ ಮುಟ್ಟುತ್ತಿರಲಿಲ್ಲ. ವರ್ಷವೆಲ್ಲ ದುಡಿದ ಯಂತ್ರಕ್ಕೆ ಒಂದು ದಿನ ರಜೆ. ಈ ವರ್ಷ ಪೂಜೆ ಮಾಡಲು ನನ್ನ ಹತ್ತಿರ ಒಂದು ಸ್ಕ್ರೂಡ್ರೈವರೂ ಇಲ್ಲ.

ಗೆಳತಿ ನನಗೂ ಎಡ್ನಮ್ಮನಿಗೂ ಅರಿಶಿನ ಕುಂಕುಮ ಕೊಟ್ಟಳು. ಅವಳ ಹಿತ್ತಲಲ್ಲಿ ಚೆಂಡುಹೂ ಬೆಳೆದಿತ್ತು. ಒಂದು ಚೀಲ ತುಂಬ ಕೇಳಿ ಇಸಿದುಕೊಂಡೆ.

ಟೊರೆನ್ಸ್: ಆಯುಧಪೂಜೆ

ಅವತ್ತು ಬೆಳಿಗ್ಗೆ ವನಜ ಒಬ್ಬ ತಾತನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮನೆಯಲ್ಲಿ ಐದು ಜನ ಮುದುಕರು, ನಾನು, ಕೆಲಸಕ್ಕಿದ್ದ ಫಿಲಿಪೀನ್ಸಿನ ರೋಸಾ. ಕ್ಯಾರಲ್ ಮಧ್ಯಾಹ್ನ ಬರುವವಳಿದ್ದಳು. ಎಡ್ನಮ್ಮ ಬೆಳಿಗ್ಗೆಯೇ ನಿಂಬೆಹಣ್ಣು ತಂದಿಟ್ಟು, ಒಳ್ಳೆಯ ಅಂಗಿ ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ತಯಾರಾಗಿ ಕೂತಿದ್ದಳು. ಒಂದು ಹೆಜ್ಜೆಯೂ ತಪ್ಪದೆ ನಡೆದು ತೋರಿಸಬೇಕಿತ್ತು.

ಅಂಥ ದಿನ ವಾಕರಿಗೆ ಪೂಜೆ ಮಾಡದಿದ್ದರೆ ಹೇಗೆ?

ಮೂರು ವಾಕರ್, ಖಾದರ್ ಸಾಹೇಬರದ್ದೂ ಸೇರಿ ಎರಡು ವೀಲ್‌ಚೇರು, ಒಂದು ಊರುಗೋಲು, ಸೊಂಟದ ಬೆಲ್ಟು, ಮಂಚದಿಂದ ಎದ್ದರೆ ಕಿರ್ರೋ ಎಂದು ಕೂಗುವ ಒಂದು ಅಲಾರಮ್ ಹಾಸು, ಎಲ್ಲವನ್ನೂ ಗ್ಯಾರೇಜಿನ ಮುಂದೆ ಸಾಗಿಸಿದೆ. ಮುದುಕರನ್ನು ಸೋಫಾದ ಮೇಲೆ ಸಾಲಾಗಿ ಕೂರಿಸಿದೆವು. ರೋಸಾ ತೊಳೆಯುವ ದಿನ ಎಂದುಕೊಂಡು ಪೈಪಿನಲ್ಲಿ ನೀರು ಬಿಟ್ಟಳು. ನಾನು ಒರೆಸಿ, ಗಾಲಿಗೆ ಎಣ್ಣೆ ಬಿಟ್ಟು, ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದೆ. ಊದಿನಕಡ್ಡಿ ಹಚ್ಚಿದ ಮೇಲೆ ರೋಸಾಗೆ ಅರ್ಥವಾಯಿತು. ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ನನ್ನ ಪಕ್ಕ ಕೈಮುಗಿದು ನಿಂತಳು.

ಒಳಗೆ ಬಂದು, "ಪೂಜೆ ಆಯ್ತು. ನಾಳೆ ಬೆಳಗ್ಗೆವರ್ಗೂ ಯಾರೂ ಮುಟ್ಟಂಗಿಲ್ಲ" ಎಂದೆ.

ಖಾದರ್ ಸಾಹೇಬರು ಸೋಫಾದಿಂದ ನನ್ನನ್ನೇ ನೋಡಿದರು. "ಸಂತೋಷ ಅಮ್ಮಾವ್ರೇ. ನಾಳೆ ಬೆಳಗ್ಗೆವರೆಗೂ ನಾನು ಬಾತ್‌ರೂಮಿಗೆ ಹೋಗೋದು ಹೇಗೆ?"

"ನಾನೂ ರೋಸಾನೂ ಎತ್ಕೊಂಡ್ ಹೋಗ್ತೀವಿ ಬುಡಿ."

"ನನ್ನ ತೂಕ ಗೊತ್ತಾ ನಿಮಗೆ?"

"ನಲವತ್ತು ವರ್ಷ ಮೂಟೆ ಎತ್ತಿದೀನಿ."

"ಮೂಟೆಗೆ ಮಾನ ಮರ್ಯಾದೆ ಇರಲ್ಲ. ನನಗೆ ಸ್ವಲ್ಪ ಉಳಿದಿದೆ."

ಆಗ ಸೋಫಾದ ಕಡೆ ಸರಿಯಾಗಿ ನೋಡಿದೆ. ಐದು ಜನ. ಮೆತ್ತೆಯೊಳಗೆ ಹೂತುಹೋಗಿ ಕೂತಿದ್ದಾರೆ. ವಾಕರುಗಳು ದೂರದಲ್ಲಿ ಸಾಲಾಗಿ ನಿಂತಿವೆ. ಎಡ್ನಮ್ಮ ತುಟಿಗೆ ಬಣ್ಣ ಹಚ್ಚಿಕೊಂಡು ಪಕ್ಕದಲ್ಲಿ ಕೈಯಾಡಿಸುತ್ತಿದ್ದಾಳೆ, ವಾಕರ್ ಇರಬೇಕಾದ ಕಡೆ. ಅಲ್ಲಿ ಗಾಳಿ. ಸ್ಯಾನ್ ಡಿಯಾಗೊದ ಹಾಲ್ ಇಲ್ಲಿಗೇ ಬಂದಿತ್ತು. ಮೀನಿನ ತೊಟ್ಟಿಯೊಂದೇ ಕಡಿಮೆ. ಅದನ್ನು ತಂದವಳು ಕ್ಯಾರಲ್ ಅಲ್ಲ, ನಾನು, ಹೂವಿನ ಹಾರದ ಸಮೇತ!

ಪೂಜೆಗೆ ಇಟ್ಟದ್ದನ್ನು ಮುಟ್ಟುವುದು ಹೇಗೆ? ಕೈ ಬಾರದು. ಖಾದರ್ ಸಾಹೇಬರೇ ದಾರಿ ಹೇಳಿದರು.

"ನಮ್ಮ ಗ್ಯಾರೇಜಲ್ಲಿ ಹನ್ನೊಂದು ಲಾರಿಗೆ ಪೂಜೆ ಆಗ್ತಿತ್ತು. ಕುಂಬಳಕಾಯಿ ನಾನೇ ತರ್ತಿದ್ದೆ. ಡ್ರೈವರುಗಳು ಪೂಜೆ ಮುಗಿದ ತಕ್ಷಣ ಏನ್ ಮಾಡ್ತಿದ್ರು? ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟು, ಒಂದು ರೌಂಡ್ ಹೊಡೀತಿದ್ರು. ಮಿಲ್ಲಿನ ಕಲ್ಲು ಕೂತಲ್ಲೇ ಕೂರುತ್ತೆ, ಅದಕ್ಕೆ ರಜೆ. ಓಡೋ ಗಾಡಿ ನಿಲ್ಲಿಸಬಾರದು ಅಮ್ಮಾವ್ರೇ, ಓಡಿಸಬೇಕು."

ಸಾಬರು ನನಗೆ ಆಯುಧಪೂಜೆಯ ಶಾಸ್ತ್ರ ಹೇಳಿಕೊಟ್ಟರು. ಸರಿಯಾಗಿಯೇ ಇತ್ತು.

ನಿಂಬೆಹಣ್ಣಿಗೇನು ಬರ? ಬಕೆಟ್ ತಂದೆ. ಖಾದರ್ ಸಾಹೇಬರನ್ನು ಅವರ ವೀಲ್‌ಚೇರಿನಲ್ಲಿ ಕೂರಿಸಿ ಗ್ಯಾರೇಜಿನ ಮುಂದೆ ತಂದು, ಗಾಲಿ ಕೆಳಗೆ ಎರಡು ಹಣ್ಣಿಟ್ಟು, ಬ್ರೇಕ್ ತೆಗೆದು ತಳ್ಳಿದೆ. ಪಚಕ್ ಎಂದಿತು. "ರೈಟ್, ರೈಟ್!" ಎಂದರು ಅವರು. ಎಲ್ಲರಿಗೂ ಒಂದೊಂದು ರೌಂಡು. ವಾಕರಿನವರಿಗೆ ಕಾಲಿಗೆ ಸಿಗಬಾರದೆಂದು ಹಣ್ಣನ್ನು ಮುಟ್ಟಿಸಿ ಪಕ್ಕಕ್ಕೆ ಹಾಕಿದೆ. ಅಷ್ಟು ಬುದ್ಧಿ ನನಗಿಲ್ಲವೇ? ಎಡ್ನಮ್ಮನ ಸೊಂಟಕ್ಕೆ ಕುಂಕುಮ ಇಟ್ಟ ಬೆಲ್ಟ್ ಬಿಗಿದೆ. "ಮೂಗು!" ಎಂದೆ. ಎದ್ದಳು. ಹೂವಿನ ಹಾರದ ವಾಕರ್ ಹಿಡಿದು, ಹಣೆಗೆ ಕುಂಕುಮ ಇಟ್ಟುಕೊಂಡು, ಬಸ್ ಹೊರಡಿಸುವವಳ ಹಾಗೆ ಎಡಗಡೆ ಬಲಗಡೆ ನೋಡಿ ಹೊರಟಳು. ರೋಸಾ ಬೆಲ್ಟ್ ಹಿಡಿದು ಹಿಂದೆ ಹೋದಳು.

ಉಳಿದದ್ದು ಕುಂಬಳಕಾಯಿ. ಅಲ್ಲಿ ಬೂದುಗುಂಬಳ ಸಿಗುವುದಿಲ್ಲ. ಆದರೆ ಆ ತಿಂಗಳು ಅಮೆರಿಕದವರು ಏಕೋ ಎಲ್ಲರ ಬಾಗಿಲಲ್ಲೂ ಕೇಸರಿ ಬಣ್ಣದ ಸಿಹಿಗುಂಬಳ ಇಡುತ್ತಾರೆ. ವನಜನ ಬಾಗಿಲಲ್ಲೂ ಒಂದಿತ್ತು, ಅದಕ್ಕೆ ಮುದುಕರೆಲ್ಲ ಸೇರಿ ಕಣ್ಣು ಮೂಗು ಬರೆದಿದ್ದರು. ತೂತು ಮಾಡಿ ಕುಂಕುಮ ತುಂಬಿದೆ. ರಸ್ತೆಯಲ್ಲಿ ಒಡೆಯಬೇಕು, ಆದರೆ ಆ ದೇಶದಲ್ಲಿ ರಸ್ತೆಗೆ ಕಸ ಹಾಕಬಾರದು ಎಂದು ವನಜ ಮೊದಲ ದಿನವೇ ಹೇಳಿದ್ದಳು. ಹಾಗಾಗಿ ಬಾಗಿಲ ಮೆಟ್ಟಿಲ ಮೇಲೆ ಎತ್ತಿ ಒಡೆದೆ. ಚೂರುಚೂರಾಯಿತು. ಮೆಟ್ಟಿಲೆಲ್ಲ ಕೆಂಪು ಲೋಳೆ.

ಪೊರಕೆ ತರಲು ಒಳಗೆ ಹೋದೆ. ಅಷ್ಟರಲ್ಲಿ ಕ್ಯಾರಲ್ ಒಂದು ಗಂಟೆ ಮೊದಲೇ ಬಂದುಬಿಟ್ಟಳು.

ಬಾಗಿಲಲ್ಲಿ ಕೆಂಪು ರಾಡಿ. ಗ್ಯಾರೇಜಿನ ಮುಂದೆ ಹೂವು, ಹೊಗೆ. ಹಣೆಯಲ್ಲಿ ಕೆಂಪು ಬೊಟ್ಟಿಟ್ಟುಕೊಂಡು ಸುತ್ತು ಹೊಡೆಯುತ್ತಿರುವ ತಾಯಿ. ಹಿಂದೆ "ರೈಟ್, ರೈಟ್!" ಎಂದು ಕೂಗುತ್ತಿರುವ ಮುದುಕ. ಕ್ಯಾರಲ್ "ಮಾಮ್!" ಎಂದು ಚೀರಿದಳು. ಮನೆಯಲ್ಲಿ ಏನಾಗಿದೆಯೋ ಎಂದು ಬಾಗಿಲ ಕಡೆ ಓಡಿದಳು. ಹಿಮ್ಮಡಿ ಎತ್ತರದ ಚಪ್ಪಲಿ ಸಿಹಿಗುಂಬಳದ ಮೇಲೆ ಬಿತ್ತು.

ನಾನು ಪೊರಕೆ ಹಿಡಿದು ಬರುವಷ್ಟರಲ್ಲಿ ಅವಳು ಬೀಜದ ನಡುವೆ ಕೂತಿದ್ದಳು.

ಮೊದಲು ತಲುಪಿದವಳು ಎಡ್ನಮ್ಮ. ಓಡಲಿಲ್ಲ. ವಾಕರ್ ಮುಂದೆ, ಕಾಲು ಹಿಂದೆ, ಒಂದೊಂದೇ ಹೆಜ್ಜೆ. ರಾಡಿಗೆ ಒಂದು ಮಾರು ದೂರದಲ್ಲೇ ನಿಂತು ಮಗಳಿಗೆ ಏನೋ ಹೇಳಿದಳು. ರೋಸಾಳಿಂದ ಕೇಳಿಕೊಂಡು ಆಮೇಲೆ ವನಜ ನನಗೆ ಹೇಳಿದ್ದು: "ಏಳ್ಬೇಡ. ಮೊದಲು ಎಲ್ಲಿ ನೋವು ಹೇಳು ಅಂದ್ಲಂತೆ."

ಸಂಜೆ ಎಕ್ಸ್‌ರೇ ಆಯಿತು. ಮೂಳೆ ಸರಿ, ಬಲಗಾಲಿನ ಪಾದ ಉಳುಕಿದೆ. ಬಲಗಾಲು ಇಲ್ಲದೆ ಕಾರು ಓಡುವುದಿಲ್ಲ. ಕ್ಯಾರಲ್ ಅಲ್ಲೇ ಉಳಿಯಬೇಕಾಯಿತು. ವನಜನ ಮುಖ ಸುಣ್ಣದ ಹಾಗಾಗಿತ್ತು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ರೋಸಾ ನಿಯಮ ಬಿಡುವವಳಲ್ಲ. ಒಂಟಿಕಾಲಿನವರು ಯಾರೇ ಆಗಲಿ ಎಂದು ಕ್ಯಾರಲ್ ಕೂತ ಕುರ್ಚಿಗೆ ಅಲಾರಮ್ ಹಾಸು ಹಾಕಿದಳು. ಕ್ಯಾರಲ್ ನೀರಿಗೆ ಎದ್ದಳು, ಕಿರ್ರೋ. ಫೋನಿಗೆ ಎದ್ದಳು, ಕಿರ್ರೋ. ಮೂರನೇ ಸಲ ತಂತಿಯನ್ನೇ ಕಿತ್ತಳು. ಆಮೇಲೆ ವಾಕರನ್ನು ಜಗ್ಗಿಕೊಂಡು ಏಳಲು ಹೋದಳು. ಎಡ್ನಮ್ಮ ಪಟ್ ಎಂದು ಅವಳ ಕೈಗೆ ಹೊಡೆದಳು. ಕುರ್ಚಿಯ ಕೈ ತೋರಿಸಿದಳು. ನಂತರ ಕನ್ನಡದಲ್ಲಿ ಗಟ್ಟಿಯಾಗಿ, "ಮೂಗು!" ಎಂದಳು.

ಮರುದಿನ ಬೆಳಿಗ್ಗೆ

ವಿಜಯದಶಮಿ. ಹಾರಗಳನ್ನು ತೆಗೆದೆ. ಎಡ್ನಮ್ಮ ತನ್ನದನ್ನು ಮುಟ್ಟಲು ಬಿಡಲಿಲ್ಲ. ಹೂವಿನ ವಾಕರ್ ಹಿಡಿದು ನಿಂಬೆಗಿಡದ ಕಡೆ ಹೊರಟಳು. ಇನ್ನೊಬ್ಬರ ವಾಕರ್ ಹಿಡಿದು ಕ್ಯಾರಲ್ ಹಿಂದೆ ಹೊರಟಳು. ತಾಯಿ ಮುಂದೆ, ಮಗಳು ತುಂಬ ಹಿಂದೆ. ಎಡ್ನಮ್ಮ ಗಿಡದ ಹತ್ತಿರ ನಿಂತು ಕಾಯಬೇಕಾಯಿತು. ಅಲ್ಲಿ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಬರುವಾಗ ಬುಟ್ಟಿಯಲ್ಲಿ ಎರಡು ಹಣ್ಣಿದ್ದವು.

ಒಂಬತ್ತಕ್ಕೆ ಕ್ಯಾರಲ್‌ಳ ಗಂಡ ಕಾರು ತಂದ. ತಾಯಿಯ ಬಟ್ಟೆಗೆಂದು ತಂದ ದೊಡ್ಡ ಪೆಟ್ಟಿಗೆಯನ್ನು ಕ್ಯಾರಲ್ ಖಾಲಿಯಾಗಿಯೇ ವಾಪಸ್ಸು ಇಡಿಸಿದಳು. ಸ್ಯಾನ್ ಡಿಯಾಗೊದ ಕೋಣೆ ಬೇಡವೆಂದು ಫೋನ್ ಮಾಡಿ ಹೇಳಿದಳು. ಕಾರು ಹತ್ತುವ ಮೊದಲು ವನಜನ ಹತ್ತಿರ ನೀಲಿ ಪುಸ್ತಕ ಕೇಳಿದಳು.

"ಬರೀಬೇಕಂತೆ ದೊಡ್ಡಮ್ಮ. ಇಲ್ಲಿರೋರು ಬಿದ್ರೆ ಮಾತ್ರ ಬರಿಯೋದು ಅಂದೆ. ನಾನೂ ಬಿದ್ದಿದ್ದೀನಿ, ಬರೀರಿ ಅಂತಾಳೆ. ಏಕೆ ಬಿದ್ರು ಅನ್ನೋ ಕಡೆ ಏನಂತ ಬರೀಲಿ ನಾನು?"

"ಇತ್ತ ಕೊಡೆ" ಎಂದು ಪೆನ್ನು ಇಸಿದುಕೊಂಡೆ.

ಖಾದರ್ ಸಾಹೇಬರು ವೀಲ್‌ಚೇರ್ ಹತ್ತಿರ ತಂದು, ಬ್ರೇಕ್ ಹಾಕಿ, "'ಆಕಸ್ಮಿಕವಾಗಿ' ಅಂತ ಸೇರಿಸಿ ಅಮ್ಮಾವ್ರೇ" ಎಂದರು.

"ಆಕಸ್ಮಿಕ ಏನ್ ಬಂತು? ನಾನೇ ಎತ್ತಿ ಒಡ್ದಿದ್ದು."

ಕಾಲು ಗಂಟೆ ಹಿಡಿಯಿತು. ಡಬ್ಬದ ಮೇಲೆ ಬರೆಯುವಷ್ಟು ದಪ್ಪ ಅಕ್ಷರ, ಎರಡು ಪುಟ ತುಂಬಿತು. ಬಿದ್ದವಳು ಮಗಳು, ತಾಯಿ ಅಲ್ಲ. ಕಾಲಲ್ಲಿ ಎತ್ತರದ ಚಪ್ಪಲಿ. ಕೈಯಲ್ಲಿ ಏನೂ ಇರಲಿಲ್ಲ, ಅದೇ ತಪ್ಪು. ಕಾರಣ ಕುಂಬಳಕಾಯಿ, ಒಡೆದವಳು ಗಿರಿಜಮ್ಮ, ಎಂದರೆ ನಾನು. ಮುಂದೆ ಏನು ಮಾಡಬೇಕು ಎಂಬ ಕಡೆ ಹೀಗೆ ಬರೆದೆ: ವಾಕರ್ ಹಬ್ಬದ ದಿನವೂ ಕೈಗೆ ಸಿಗುವ ಹಾಗೆ ಇರಬೇಕು. ಕುಂಬಳಕಾಯಿ ಮಣ್ಣಿನ ಮೇಲೆ ಒಡೆಯಬೇಕು.

ಕ್ಯಾರಲ್ ಒಂದಕ್ಷರ ಓದಲಾರದೆ ಕೆಳಗೆ ಸೈನ್ ಹಾಕಿದಳು. ನಾನು ಬಕೆಟ್ ತೆಗೆದುಕೊಂಡು ಮೆಟ್ಟಿಲಿಗೆ ಅಂಟಿದ ಬೀಜ ಕೆರೆಯಲು ಹೋದೆ.